ಪ್ರಯಾಣದಲ್ಲಿ ಪ್ರಾಣ ಮತ್ತು ಮಾನ
(ದೂರಪ್ರಯಾಣದಲ್ಲಿ ಅಸ್ವಸ್ಥರಾದವರ ಬಗ್ಗೆ ಸಹಪ್ರಯಾಣಿಕರ ಕರ್ತವ್ಯ)

ದೆಹಲಿಯಲ್ಲಿ ನೆಲೆಸಿರುವ ಕನ್ನಡಿಗರ ಬಾಳಿನಲ್ಲಿ ದೂರಪ್ರಯಾಣವು ಬಿಡಲಾರದ ಒಂದು ಅಂಗ. ಮದುವೆ ಮುಂಜಿಗಳಿಗೆ, ಬೇಸಿಗೆಯ ರಜೆಗೆ, ಹಿರಿಯರ ಶ್ರಾದ್ಧಕ್ಕೆ ಊರಿಗೆ ಹೋಗಿಬರುವುದೂ, ಊರಿನಲ್ಲಿರುವ ವೃದ್ಧ ತಂದೆತಾಯಿಗಳನ್ನು ಕರೋಲ್ ಬಾಗ್, ಆರ್. ಕೆ. ಪುರಂ, ನೋಯ್ಡಾ, ಗುರುಗ್ರಾಮಗಳ ಮನೆಗಳಿಗೆ ಕರೆಸಿಕೊಳ್ಳುವುದೂ ವರ್ಷವರ್ಷವೂ ನಡೆಯುವ ಸಂಗತಿ. ಬೆಂಗಳೂರಿನಿಂದ ಹೊಸದೆಹಲಿಗೆ ಬರುವ ಕರ್ನಾಟಕ ಎಕ್ಸ್‌ಪ್ರೆಸ್ ಸುಮಾರು 2400 ಕಿಲೋಮೀಟರ್ ದೂರವನ್ನು ಕ್ರಮಿಸುವಷ್ಟರಲ್ಲಿ ಎರಡು ರಾತ್ರಿಗಳು ಕಳೆದಿರುತ್ತವೆ. ಇಷ್ಟು ದೀರ್ಘಕಾಲ ಅಪರಿಚಿತರ ನಡುವೆಯೇ ಉಂಡು, ಮಲಗಿ, ಎದ್ದು ಕಳೆಯಬೇಕಾದ ಪ್ರಯಾಣದಲ್ಲಿ ಯಾರಿಗಾದರೂ ಹಠಾತ್ತನೆ ಕಾಯಿಲೆಯಾದರೆ ಅವರಿಗೆ ಮನೆಯೂ ಇಲ್ಲ, ಆಸ್ಪತ್ರೆಯೂ ಇಲ್ಲ. ಮರೆಗೆ ಒಂದು ಬಾಗಿಲೂ ಇಲ್ಲ. ಸುತ್ತಲೂ ಇರುವುದು ಜನರ ಕಣ್ಣುಗಳು ಮಾತ್ರ. ಆ ಕಣ್ಣುಗಳು ಹೇಗೆ ವರ್ತಿಸಬೇಕೆಂಬುದೇ ಈ ಲೇಖನದ ವಿಷಯ.

ಬೋಗಿಯೊಳಗಿನ ಒಂದು ದೃಶ್ಯ

ಹೀಗೆ ಊಹಿಸಿಕೊಳ್ಳಬಹುದು. ರೈಲು ಭೋಪಾಲನ್ನು ದಾಟಿದೆ, ಝಾನ್ಸಿ ಇನ್ನೂ ದೂರವಿದೆ. ದೆಹಲಿಯಲ್ಲಿರುವ ಮಗನ ಮನೆಗೆ ಹೊರಟ, ಹಾಸನದ ಕಡೆಯ ಎಪ್ಪತ್ತು ವರ್ಷದ ವೃದ್ಧೆಯೊಬ್ಬರು ಶೌಚಾಲಯದಿಂದ ಮರಳುವಾಗ ನಡುದಾರಿಯಲ್ಲಿ ಕುಸಿಯುತ್ತಾರೆ. ದೀಪಗಳು ಹೊತ್ತಿಕೊಳ್ಳುತ್ತವೆ. ಕ್ಷಣಾರ್ಧದಲ್ಲಿ ಇಪ್ಪತ್ತು ಜನ ನೆರೆಯುತ್ತಾರೆ. ಒಬ್ಬರು ಬಾಯಿಗೆ ನೀರು ಹೊಯ್ಯುತ್ತಾರೆ. ಇನ್ನೊಬ್ಬರು ಅಂಗೈಗೆ ಕಬ್ಬಿಣದ ಬೀಗದ ಕೈ ತುರುಕುತ್ತಾರೆ. ಮತ್ತೊಬ್ಬರು ತಮ್ಮ ಚೀಲದಿಂದ ಹೃದ್ರೋಗದ ಗುಳಿಗೆಯನ್ನು ತೆಗೆಯುತ್ತಾರೆ. ‘ಸಕ್ಕರೆ ಕಾಯಿಲೆ ಇದೆಯೇ? ಜೊತೆಗೆ ಯಾರೂ ಇಲ್ಲವೇ?’ ಎಂಬ ಪ್ರಶ್ನೆಗಳು ಬೋಗಿಯ ಆ ತುದಿಗೂ ಕೇಳುತ್ತವೆ. ಮೇಲಿನ ಮಲಗುವ ಹಲಗೆಯಿಂದ ಯುವಕನೊಬ್ಬ ಮೊಬೈಲಿನಲ್ಲಿ ಇದನ್ನೆಲ್ಲ ಚಿತ್ರೀಕರಿಸುತ್ತಾನೆ, ‘ಗುರುತಿದ್ದವರು ತಿಳಿಸಿ’ ಎಂದು ಬರೆದು ಕನ್ನಡಿಗರ ವಾಟ್ಸಾಪ್ ಬಳಗಕ್ಕೆ ಕಳುಹಿಸುತ್ತಾನೆ. ತಾಯಿ ಉಟ್ಟ ಸೀರೆ ಜಾರಿ ನೆಲದ ಮೇಲೆ ಬಿದ್ದಿರುವ ನೋಟವನ್ನು ಮಗನು ನೋಡುವ ಮೊದಲೇ ಮಗನ ಪರಿಚಿತರೆಲ್ಲ ನೋಡಿರುತ್ತಾರೆ.

ಈ ದೃಶ್ಯವು ಕಲ್ಪಿತವಾದದ್ದು. ಆದರೆ ಇದರಲ್ಲಿ ಬರುವ ಒಂದೊಂದು ವರ್ತನೆಯೂ ನಿತ್ಯ ಕಾಣುವಂಥದ್ದೇ. ಗಮನಿಸಬೇಕಾದ ಅಂಶವೆಂದರೆ, ಇವರಲ್ಲಿ ಯಾರೂ ಕೆಟ್ಟವರಲ್ಲ. ಎಲ್ಲರೂ ಸಹಾಯ ಮಾಡಲೆಂದೇ ಬಂದವರು. ಸದ್ಭಾವನೆಯಿಂದಲೇ ಇಷ್ಟು ಹಾನಿಯಾಗಬಲ್ಲುದಾದರೆ, ಸದ್ಭಾವನೆಯ ಜೊತೆಗೆ ತಿಳಿವಳಿಕೆಯೂ ಬೇಕೆಂದಾಯಿತು.

ಗೌಪ್ಯವೂ ಚಿಕಿತ್ಸೆಯ ಒಂದು ಭಾಗ

ರೋಗಿಯ ಮಾನವನ್ನು ಕಾಪಾಡುವುದು ಕೇವಲ ಶಿಷ್ಟಾಚಾರದ ಮಾತು, ಪ್ರಾಣ ಉಳಿಸುವ ಹೊತ್ತಿನಲ್ಲಿ ಅದನ್ನು ನೋಡುತ್ತ ಕೂರಲಾಗದು ಎಂದು ಹಲವರ ಅಭಿಪ್ರಾಯ. ಈ ಅಭಿಪ್ರಾಯವು ವೈದ್ಯಕೀಯ ದೃಷ್ಟಿಯಿಂದಲೇ ತಪ್ಪು. ಚಿಕಿತ್ಸೆ ಆರಂಭವಾಗುವುದು ಪ್ರಶ್ನೆಗಳಿಂದ. ಪ್ರಶ್ನೆಗಳಿಗೆ ಸತ್ಯವಾದ ಉತ್ತರ ಬರುವುದು ಕೇಳುವವರು ಕಡಿಮೆಯಿದ್ದಾಗ ಮಾತ್ರ.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಎದೆನೋವು ಬಂದವರಿಗೆ ನಾಲಗೆಯ ಕೆಳಗೆ ಇಡುವ ನೈಟ್ರೇಟ್ ಜಾತಿಯ ಗುಳಿಗೆಯನ್ನು ಅನೇಕ ಹೃದ್ರೋಗಿಗಳು ಜೊತೆಯಲ್ಲಿ ಇಟ್ಟುಕೊಂಡಿರುತ್ತಾರೆ. ಸಹಪ್ರಯಾಣಿಕರಿಗೆ ಉದಾರವಾಗಿ ಕೊಡುವುದೂ ಉಂಟು. ಆದರೆ ಪುರುಷರ ಲೈಂಗಿಕ ದೌರ್ಬಲ್ಯಕ್ಕೆ ಕೊಡುವ ಸಿಲ್ಡೆನಾಫಿಲ್ ಮುಂತಾದ ಔಷಧವನ್ನು ಒಂದೆರಡು ದಿನಗಳ ಹಿಂದೆ ಸೇವಿಸಿದವರಿಗೆ ಈ ಗುಳಿಗೆ ಕೊಟ್ಟರೆ ರಕ್ತದೊತ್ತಡವು ಪ್ರಾಣಾಪಾಯವಾಗುವಷ್ಟು ಇಳಿಯಬಹುದು. ಐವತ್ತೈದರ ಗೃಹಸ್ಥರೊಬ್ಬರು ಸೊಸೆ, ಮೊಮ್ಮಕ್ಕಳು ಹಾಗೂ ಹದಿನೈದು ಮಂದಿ ಅಪರಿಚಿತರ ಎದುರಿಗೆ ಆ ಔಷಧದ ಹೆಸರನ್ನು ಬಾಯಿಬಿಟ್ಟು ಹೇಳಿಯಾರೇ? ಮಾವನವರ ಎದುರಿಗೆ ಸೊಸೆಯು ತಾನು ಗರ್ಭಿಣಿಯಿರಬಹುದೆಂದು ಹೇಳಿಯಾಳೇ? ವಿವಾಹಕ್ಕೆ ನಿಂತಿರುವ ಕನ್ಯೆಯ ತಾಯಿತಂದೆಗಳು ಮಗಳಿಗೆ ಅಪಸ್ಮಾರವಿದೆಯೆಂದು ಜನರ ಎದುರಿಗೆ ಒಪ್ಪಿಕೊಂಡಾರೇ? ಮದ್ಯಪಾನ, ಮನೋರೋಗದ ಔಷಧ, ಕ್ಷಯ ಮೊದಲಾದ ವಿಷಯಗಳಲ್ಲಿಯೂ ಹೀಗೆಯೇ. ಜನರ ಗುಂಪು ಬಾಯಿಯನ್ನು ಕಟ್ಟುತ್ತದೆ. ಕಟ್ಟಿದ ಬಾಯಿ ವೈದ್ಯನ ಕಣ್ಣನ್ನು ಕಟ್ಟುತ್ತದೆ. ಆದುದರಿಂದ ನಾಲ್ಕು ಹೆಜ್ಜೆ ಹಿಂದೆ ಸರಿದು ನಿಲ್ಲುವುದೂ ಒಂದು ಔಷಧವೇ ಸರಿ.

ಮೊದಲ ಕೆಲವು ನಿಮಿಷಗಳು

ರೋಗಿಯ ಬಳಿ ಇಬ್ಬರು ಅಥವಾ ಮೂವರು ಸಾಕು. ವೈದ್ಯರೋ ದಾದಿಯರೋ ಬೋಗಿಯಲ್ಲಿದ್ದರೆ ಅವರು, ರೋಗಿಯ ಬಂಧುಗಳಿದ್ದರೆ ಒಬ್ಬರು, ಓಡಾಡಲು ಇನ್ನೊಬ್ಬರು. ಉಳಿದವರು ತಮ್ಮ ಸ್ಥಾನಗಳಿಗೆ ಮರಳಿ ದಾರಿಯನ್ನು ತೆರವು ಮಾಡಿದರೆ ಅದೇ ಅವರ ಸೇವೆ. ಮುಂದಿನ ಕೆಲಸಗಳನ್ನು ಈ ರೀತಿ ಹಂಚಿಕೊಳ್ಳಬಹುದು.

1. ಒಬ್ಬರು ಟಿಕೆಟ್ ಪರೀಕ್ಷಕರನ್ನು ಹುಡುಕಿ ತರಬೇಕು. ಇನ್ನೊಬ್ಬರು ರೈಲ್ವೆಯ 139 ಸಂಖ್ಯೆಗೆ ಕರೆ ಮಾಡಿ, ವೈದ್ಯಕೀಯ ನೆರವಿಗಾಗಿ 1ನ್ನು ಒತ್ತಿ, ರೈಲು, ಬೋಗಿ ಹಾಗೂ ಆಸನದ ಸಂಖ್ಯೆಗಳನ್ನು ತಿಳಿಸಬೇಕು. ಮುಂದಿನ ನಿಲ್ದಾಣಕ್ಕೆ ವೈದ್ಯರನ್ನು ಕರೆಸುವ ಏರ್ಪಾಡು ಇದರಿಂದ ಸಾಧ್ಯ. ಅಡವಿಯ ನಡುವೆ ಸರಪಳಿ ಎಳೆದು ರೈಲನ್ನು ನಿಲ್ಲಿಸಿದರೆ ನೆರವು ದೂರವಾಗುತ್ತದೆಯೇ ಹೊರತು ಹತ್ತಿರವಾಗುವುದಿಲ್ಲ.

2. ತಲೆಸುತ್ತಿ ಬಿದ್ದವರು ಉಸಿರಾಡುತ್ತಿದ್ದರೆ ಎತ್ತಿ ಕೂರಿಸಬಾರದು. ಸಮತಲವಾಗಿ ಮಲಗಿಸಿ ಕಾಲುಗಳನ್ನು ಸ್ವಲ್ಪ ಮೇಲೆತ್ತಬೇಕು. ಎಚ್ಚರವಿಲ್ಲದವರ ಬಾಯಿಗೆ ನೀರನ್ನಾಗಲಿ ಗುಳಿಗೆಯನ್ನಾಗಲಿ ಹಾಕಕೂಡದು.

3. ಅಪಸ್ಮಾರದ ಸೆಳೆತ ಬಂದವರ ಕೈಕಾಲುಗಳನ್ನು ಅದುಮಿ ಹಿಡಿಯುವುದು, ಹಲ್ಲುಗಳ ನಡುವೆ ಚಮಚ ತುರುಕುವುದು, ಕಬ್ಬಿಣ ಹಿಡಿಸುವುದು, ಈರುಳ್ಳಿ ಅಥವಾ ಚಪ್ಪಲಿಯನ್ನು ಮೂಸಿಸುವುದು, ಇವು ಯಾವುವೂ ಉಪಯೋಗವಿಲ್ಲದ ಕ್ರಮಗಳು. ತಲೆಯ ಕೆಳಗೆ ಮೆತ್ತನೆಯ ಬಟ್ಟೆಯನ್ನಿಟ್ಟು, ಸೆಳೆತ ನಿಂತ ಮೇಲೆ ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು. ಇಂಥ ಹೊತ್ತಿನಲ್ಲಿ ಅರಿವಿಲ್ಲದೆ ಮೂತ್ರ ಹೋಗುವುದುಂಟು. ಒಂದು ಹೊದಿಕೆಯನ್ನು ಹೊದಿಸುವುದನ್ನು ಮರೆಯಬಾರದು.

4. ಕರೆದರೆ ಓಗೊಡದೆ, ಸರಿಯಾಗಿ ಉಸಿರಾಡದೆ ಇರುವವರಿಗೆ ತಕ್ಷಣವೇ ಎದೆಯನ್ನು ಒತ್ತುವ ಚಿಕಿತ್ಸೆ ಬೇಕು. ಗಟ್ಟಿಯಾದ ನೆಲದ ಮೇಲೆ ಮಲಗಿಸಿ, ಎದೆಯ ನಡುಭಾಗದಲ್ಲಿ ಅಂಗೈಗಳನ್ನಿಟ್ಟು, ನಿಮಿಷಕ್ಕೆ 100ರಿಂದ 120 ಬಾರಿ, ಸುಮಾರು 5 ಸೆಂಟಿಮೀಟರ್ ಆಳಕ್ಕೆ ಒತ್ತುತ್ತಿರಬೇಕು.

5. ರೈಲಿನಲ್ಲಿ ಕೊಡುವ ಬಿಳಿಯ ಹಾಸುಬಟ್ಟೆಯೇ ಒಳ್ಳೆಯ ತೆರೆ. ಇಬ್ಬರು ಬೆನ್ನು ತಿರುಗಿಸಿ ನಿಂತು ಅದನ್ನು ಹಿಡಿದರೆ ರೋಗಿಯ ಮಾನವೂ ಉಳಿಯುತ್ತದೆ, ಒಳಗಿರುವವರ ಕೆಲಸವೂ ಸುಗಮವಾಗುತ್ತದೆ. ಶಾಲು, ಪಂಚೆ, ಸೀರೆ ಯಾವುದಾದರೂ ಆದೀತು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಮಾನದ ಹೆಸರಿನಲ್ಲಿ ಪ್ರಾಣರಕ್ಷಣೆ ತಡವಾಗಬಾರದು. ಸಾರ್ವಜನಿಕ ಸ್ಥಳಗಳಲ್ಲಿ ಹೃದಯ ಸ್ತಂಭಿಸಿದವರನ್ನು ಕುರಿತು ಉತ್ತರ ಅಮೆರಿಕದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಪುರುಷರಲ್ಲಿ ಶೇಕಡಾ 45 ಮಂದಿಗೆ ದಾರಿಹೋಕರಿಂದ ಎದೆಯೊತ್ತುವ ಚಿಕಿತ್ಸೆ ದೊರೆತಿದ್ದರೆ, ಸ್ತ್ರೀಯರಲ್ಲಿ ಶೇಕಡಾ 39 ಮಂದಿಗೆ ಮಾತ್ರ ದೊರೆತಿತ್ತು. ಮುಟ್ಟಲು ಸಂಕೋಚವೂ ಇದಕ್ಕೊಂದು ಕಾರಣವಿರಬಹುದೆಂದು ತಜ್ಞರು ಭಾವಿಸುತ್ತಾರೆ. ಮಹಿಳೆಯೊಬ್ಬರು ಹತ್ತಿರದಲ್ಲಿದ್ದರೆ ಒಳ್ಳೆಯದೇ. ಇಲ್ಲವಾದರೆ ಯಾರಾದರೂ ಕೈ ಹಾಕಬೇಕು. ಕೈಗಳು ಮುಂದೆ ಬರಲಿ, ಕಣ್ಣುಗಳು ಹಿಂದೆ ಸರಿಯಲಿ, ಎಂಬುದೇ ಇಲ್ಲಿಯ ಸೂತ್ರ.

ದುಭಾಷಿಯ ಧರ್ಮ

ದೆಹಲಿಯ ಕನ್ನಡಿಗರಿಗೆ ವಿಶೇಷವಾಗಿ ಒದಗುವ ಕರ್ತವ್ಯವೊಂದಿದೆ. ಊರಿನಿಂದ ಬರುವ ಅನೇಕ ಹಿರಿಯರಿಗೆ ಹಿಂದಿ ಬಾರದು. ಝಾನ್ಸಿಯಲ್ಲೋ ಗ್ವಾಲಿಯರಿನಲ್ಲೋ ರೈಲನ್ನೇರುವ ವೈದ್ಯರಿಗೆ ಕನ್ನಡ ಬಾರದು. ಆಗ ಎರಡೂ ಬಲ್ಲ ಸಹಪ್ರಯಾಣಿಕನೇ ದುಭಾಷಿಯಾಗುತ್ತಾನೆ. ಆ ಕ್ಷಣದಿಂದ ಅವನು ವೈದ್ಯನ ಕಿವಿ, ರೋಗಿಯ ನಾಲಗೆ. ಕೇಳಿದ್ದನ್ನು ಕೇಳಿದಂತೆಯೇ ಹೇಳಬೇಕು. ಸಂಕೋಚಪಟ್ಟು ಏನನ್ನೂ ಬಿಡಬಾರದು, ತನ್ನ ಊಹೆಯನ್ನು ಸೇರಿಸಬಾರದು. ‘ಅಮ್ಮಾ, ವೈದ್ಯರಿಗೆ ಹೇಳಿದ್ದು ಅವರಲ್ಲಿಯೂ ನನ್ನಲ್ಲಿಯೂ ನಿಲ್ಲುತ್ತದೆ, ಧೈರ್ಯವಾಗಿ ಹೇಳಿ’ ಎಂಬ ಒಂದು ಮಾತು ತಾಯ್ನುಡಿಯಲ್ಲಿ ಕಿವಿಗೆ ಬಿದ್ದರೆ ಅರ್ಧ ಭಯ ಇಳಿಯುತ್ತದೆ.

ಕಠಿಣವಾದ ಭಾಗ ಅನಂತರದ್ದು. ದೆಹಲಿ ಮಹಾನಗರವಾದರೂ ಇಲ್ಲಿಯ ಕನ್ನಡಿಗರ ಸಮಾಜವು ಒಂದು ಹಳ್ಳಿಯಿದ್ದಂತೆ. ರೈಲಿನಲ್ಲಿ ಕಂಡ ಆ ಕುಟುಂಬವೇ ರಾಜ್ಯೋತ್ಸವದ ಸಭಾಂಗಣದಲ್ಲಿ ಪಕ್ಕದ ಕುರ್ಚಿಯಲ್ಲಿ ಕುಳಿತಿರಬಹುದು. ‘ಅಂದು ಹೀಗಾಯಿತಲ್ಲ, ಈಗ ಹೇಗಿದ್ದೀರಿ?’ ಎಂದು ನಾಲ್ಕು ಜನರ ನಡುವೆ ಕೇಳುವುದು ಕಾಳಜಿಯಂತೆ ಕಂಡರೂ ಅದು ಗುಟ್ಟನ್ನು ಬಯಲಿಗೆಳೆಯುವುದೇ ಆಗಿದೆ. ಮುಗುಳ್ನಗೆ ಸಾಕು, ಮಾತು ಅವರಾಗಿಯೇ ಎತ್ತಿದರೆ ಎತ್ತಲಿ.

ಮನೆಗೆ ಸುದ್ದಿ ತಿಳಿಸುವುದೂ ಒಬ್ಬರ ಕೆಲಸವಾಗಬೇಕು. ರೋಗಿಗೆ ಎಚ್ಚರವಿದ್ದರೆ ಯಾರಿಗೆ ತಿಳಿಸಬೇಕೆಂದು ಅವರನ್ನೇ ಕೇಳತಕ್ಕದ್ದು. ಯಾವ ನಿಲ್ದಾಣ, ಯಾವ ಆಸ್ಪತ್ರೆ, ಜೊತೆಗೆ ಯಾರಿದ್ದಾರೆ ಎಂಬಷ್ಟನ್ನು ಹೇಳಿದರೆ ಸಾಕು. ರೋಗದ ಹೆಸರನ್ನು ವೈದ್ಯರು ಹೇಳಲಿ.

ವಿಮಾನ, ಹಡಗು ಮತ್ತು ಮೆಟ್ರೋ

ವಿಮಾನದಲ್ಲಿಯೂ ನಿಯಮ ಬೇರೆಯಲ್ಲ. 2013ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಅಧ್ಯಯನವು ಆಕಾಶದಲ್ಲಿ ಸಂಭವಿಸಿದ 11,920 ವೈದ್ಯಕೀಯ ತುರ್ತು ಪ್ರಸಂಗಗಳನ್ನು ಪರಿಶೀಲಿಸಿತು. 604 ಹಾರಾಟಗಳಿಗೆ ಒಂದರಂತೆ ಇಂಥ ಪ್ರಸಂಗ ಒದಗಿತ್ತು. ಅವುಗಳಲ್ಲಿ ಮೂರರಲ್ಲೊಂದಕ್ಕಿಂತ ಹೆಚ್ಚು ಮೂರ್ಛೆ ಅಥವಾ ತಲೆಸುತ್ತು. ವಿಮಾನವನ್ನು ಬೇರೆಡೆಗೆ ತಿರುಗಿಸಬೇಕಾಗಿ ಬಂದದ್ದು ಶೇಕಡಾ 7ರಷ್ಟರಲ್ಲಿ ಮಾತ್ರ. ಸುಮಾರು ಅರ್ಧದಷ್ಟು ಪ್ರಸಂಗಗಳಲ್ಲಿ ಪ್ರಯಾಣಿಕರಾಗಿದ್ದ ವೈದ್ಯರೇ ನೆರವಾಗಿದ್ದರು. ಆದುದರಿಂದ ಗಾಬರಿಗೆ ಕಾರಣವಿಲ್ಲ. ಸಿಬ್ಬಂದಿಯವರು ಹೇಳಿದಂತೆ ಆಸನದಲ್ಲಿಯೇ ಕುಳಿತು, ನಡುದಾರಿಯನ್ನು ಬಿಟ್ಟುಕೊಟ್ಟು, ಮುಖವನ್ನು ಬೇರೆಡೆಗೆ ತಿರುಗಿಸುವುದೇ ಸೌಜನ್ಯ. ವಿಮಾನವನ್ನು ಬೇರೆಡೆ ಇಳಿಸಿದರೆ ರೋಗಿಯ ಬಂಧುಗಳ ಎದುರು ತಡವಾದುದರ ಬಗ್ಗೆ ಗೊಣಗುವುದು ತರವಲ್ಲ.

ಸಾಗರಯಾನದ ಪ್ರವಾಸಿ ಹಡಗುಗಳಲ್ಲಿ ದಿನಗಟ್ಟಲೆ ಜೊತೆಯಾಗಿ ಇರಬೇಕಾದ್ದರಿಂದ ಈ ವಿಷಯಕ್ಕೆ ಹೆಚ್ಚಿನ ಗಮನ ಸಂದಿದೆ. ಕೆಲವು ಹಡಗುಗಳಲ್ಲಿ ವೈದ್ಯರನ್ನು ಕರೆಯಲು ‘ಆಲ್ಫಾ’ ಎಂಬ ಸಂಕೇತವನ್ನು ಧ್ವನಿವರ್ಧಕದಲ್ಲಿ ಸಾರುತ್ತಾರೆ. ತಿಳಿಯಬೇಕಾದವರಿಗೆ ತಿಳಿಯುತ್ತದೆ, ಜನಜಂಗುಳಿ ಸೇರುವುದಿಲ್ಲ. ದೆಹಲಿ ಮೆಟ್ರೋದಲ್ಲಿ ಬೋಗಿಯೊಳಗಿನ ತುರ್ತು ಗುಂಡಿಯನ್ನು ಒತ್ತಿ ಚಾಲಕರೊಡನೆ ಮಾತನಾಡಬಹುದು. ಮುಂದಿನ ನಿಲ್ದಾಣ ಕೆಲವೇ ನಿಮಿಷಗಳ ದೂರದಲ್ಲಿರುವುದರಿಂದ ಬಾಗಿಲ ಬಳಿ ದಾರಿ ಬಿಡುವುದೇ ಅಲ್ಲಿ ದೊಡ್ಡ ಉಪಕಾರ.

ಕಾನೂನಿನ ಮಾತು

ದೆಹಲಿಯ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರೆಂಬುದು ಕನ್ನಡಿಗರು ನೆನೆಯಬೇಕಾದ ಸಂಗತಿ. ವೈದ್ಯರ ನಡವಳಿಕೆಯನ್ನು ಕುರಿತ 2002ರ ನಿಯಮಾವಳಿಯು, ನ್ಯಾಯಾಲಯದ ಆದೇಶ, ಇತರರಿಗೆ ಗಂಭೀರ ಅಪಾಯ, ಅಧಿಕಾರಿಗಳಿಗೆ ವರದಿ ಮಾಡಲೇಬೇಕಾದ ರೋಗ ಇವುಗಳ ಹೊರತು ರೋಗಿಯ ಗುಟ್ಟನ್ನು ಹೊರಗೆಡಹಬಾರದೆಂದು ವಿಧಿಸುತ್ತದೆ. ವ್ಯಕ್ತಿಯೊಬ್ಬರ ಗುಪ್ತಾಂಗಗಳ ಚಿತ್ರವನ್ನು ಒಪ್ಪಿಗೆಯಿಲ್ಲದೆ ತೆಗೆಯುವುದು, ಹರಡುವುದು ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಇ ವಿಧಿಯಂತೆ ಮೂರು ವರ್ಷಗಳವರೆಗಿನ ಸೆರೆವಾಸಕ್ಕೆ ಗುರಿಮಾಡಬಲ್ಲ ಅಪರಾಧ. ಆದರೆ ಸಹಪ್ರಯಾಣಿಕನ ನಾಲಗೆಗೆ ಬೀಗ ಹಾಕುವ ಕಾಯಿದೆ ಇಲ್ಲ. ಅಲ್ಲಿ ಕೆಲಸ ಮಾಡಬೇಕಾದದ್ದು ಮನಸ್ಸಾಕ್ಷಿ.

ಪೂರ್ವಸಿದ್ಧತೆ

ಪ್ರಯಾಣಕ್ಕೆ ಹೊರಡುವವರೂ ತಮ್ಮ ಗೌಪ್ಯವನ್ನು ತಾವೇ ಕಾಪಾಡಿಕೊಳ್ಳಬಹುದು. ಹೆಸರು, ವಯಸ್ಸು, ಇರುವ ಕಾಯಿಲೆಗಳು, ನಿತ್ಯದ ಔಷಧಗಳು ಮತ್ತು ಅವುಗಳ ಪ್ರಮಾಣ, ಒಗ್ಗದ ಔಷಧಗಳು, ಬಂಧುಗಳ ದೂರವಾಣಿ, ಇಷ್ಟನ್ನು ಇಂಗ್ಲಿಷಿನಲ್ಲಿ ಒಂದು ಹಾಳೆಯ ಮೇಲೆ ಬರೆದು, ಲಕೋಟೆಯಲ್ಲಿಟ್ಟು, ಮೇಲೆ ‘ವೈದ್ಯರಿಗೆ ಮಾತ್ರ’ ಎಂದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಬರೆದು ಕೈಚೀಲದಲ್ಲಿ ಇಟ್ಟುಕೊಳ್ಳತಕ್ಕದ್ದು. ಮಾತನಾಡಲಾಗದ ಹೊತ್ತಿನಲ್ಲಿ ಆ ಲಕೋಟೆಯೇ ಮಾತನಾಡುತ್ತದೆ, ಅದೂ ಕೇಳಬೇಕಾದವರೊಡನೆ ಮಾತ್ರ. ಊರಿನಿಂದ ಒಬ್ಬರೇ ಬರುವ ತಂದೆತಾಯಿಗಳಿಗೆ ಮಕ್ಕಳು ಇದನ್ನು ಬರೆದುಕೊಡುವುದು ಟಿಕೆಟ್ಟಿನಷ್ಟೇ ಅಗತ್ಯ. ಮಾತ್ರೆಗಳು ಹಲಗೆಯ ಕೆಳಗಿನ ಪೆಟ್ಟಿಗೆಯಲ್ಲಿರದೆ ಕೈಗೆಟಕುವಂತೆ ಇರಬೇಕು.

ಪ್ರಯಾಣದಲ್ಲಿ ಎಲ್ಲರೂ ಒಂದಲ್ಲ ಒಂದು ದಿನ ನೋಡುವವರ ಸ್ಥಾನದಿಂದ ನೋಡಿಸಿಕೊಳ್ಳುವವರ ಸ್ಥಾನಕ್ಕೆ ಬರಬಹುದಾದವರೇ. ಬಿದ್ದವರ ಸ್ಥಾನದಲ್ಲಿ ತಮ್ಮ ತಾಯಿಯನ್ನೋ ತಂದೆಯನ್ನೋ ಒಂದು ಗಳಿಗೆ ನೆನೆದುಕೊಂಡರೆ ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ಬೇರೆ ಯಾರೂ ಕಲಿಸಬೇಕಾಗಿಲ್ಲ. ಹೊದಿಕೆ ಹಿಡಿದು ಬೆನ್ನು ತಿರುಗಿಸಿ ನಿಂತವನ ಹೆಸರು ರೋಗಿಗೆ ಎಂದೂ ತಿಳಿಯದಿರಬಹುದು. ಆದರೆ ಆತ ಕಾಪಾಡಿದ ಮಾನವು ಪ್ರಾಣದ ಜೊತೆಗೇ ಮನೆ ಸೇರುತ್ತದೆ.