ಟೈರಿನ ಮೇಲೆ ಬರೆದದ್ದು ಏನು?

ಬೆಳ್ತಂಗಡಿ ಕಡೆಯ ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬರು ಅಕ್ಕ ಬರುತ್ತಾರೆ. ಅವರ ಮನೆಯಲ್ಲಿ ಒಂದು ಸಣ್ಣ ಪಿಕಪ್ ಗಾಡಿ ಉಂಟು. ಸಾಲ ಮಾಡಿ ಕೊಂಡ ಗಾಡಿ. ಅವರ ಗಂಡನೇ ಅದನ್ನು ಓಡಿಸುತ್ತಾರೆ. ನಾವೆಲ್ಲ ಅವರನ್ನು ಭಾವ ಎಂದು ಕರೆಯುತ್ತೇವೆ. ಅಡಿಕೆ, ತೆಂಗಿನಕಾಯಿ, ಬಾಳೆಗೊನೆ ತುಂಬಿಸಿಕೊಂಡು ಒಂದು ದಿನ ಬಂಟ್ವಾಳಕ್ಕೆ, ಇನ್ನೊಂದು ದಿನ ಮೂಡುಬಿದಿರೆಗೆ ಬಾಡಿಗೆ ಹೋಗುತ್ತಾರೆ.

2025ರ ಜೂನ್ ತಿಂಗಳು. ಜೋರು ಮಳೆ. ಭಾವ ಚಾರ್ಮಾಡಿ ಘಾಟಿ ಇಳಿದು ಬರುತ್ತಿದ್ದರು. ಒಂದು ತಿರುವಿನಲ್ಲಿ ಬ್ರೇಕ್ ಹಾಕಿದರು. ಗಾಡಿ ನಿಲ್ಲಲಿಲ್ಲ. ಅದರ ಹಿಂಬದಿ ಜಾರಿತು. ಗಾಡಿ ಅಡ್ಡ ತಿರುಗಿ ಚರಂಡಿಗೆ ಇಳಿಯಿತು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ಎದುರಿನಿಂದ ಬಸ್ಸು ಬಂದಿದ್ದರೆ?

ಬ್ರೇಕ್ ಸರಿಯಾಗಿಯೇ ಇತ್ತು. ಆದರೆ ಟೈರ್ ಬೋಳಾಗಿತ್ತು.

ಹೊಸ ಟೈರ್ ಹಾಕಲೇಬೇಕು. ಯಾವುದನ್ನು ತರುವುದು? ಅಕ್ಕ ಕೇಂದ್ರಕ್ಕೆ ಬಂದು ಕೇಳಿದರು. ಆ ದಿನ ನಾವು ಪುಸ್ತಕ ಬದಿಗಿಟ್ಟೆವು. ಎಲ್ಲರೂ ಅಂಗಳಕ್ಕೆ ಹೋದೆವು. ಹಳೆಯ ಟೈರೇ ನಮಗೆ ಕಪ್ಪು ಹಲಗೆ ಆಯಿತು.

ಟೈರ್ ಯಾಕೆ ಜಾರುತ್ತದೆ?

ಅಡಿಕೆ ತೋಟದಲ್ಲಿ ಕಣಿ ಯಾಕೆ ತೆಗೆಯುತ್ತೇವೆ? ಮಳೆನೀರು ನಿಲ್ಲದೆ ಹರಿದು ಹೋಗಲಿ ಎಂದು. ಟೈರಿನ ಮೇಲೆ ಇರುವ ಗೀರುಗಳೂ ಹಾಗೆಯೇ. ಅವು ಟೈರಿನ ಕಣಿಗಳು. ಟೈರಿನ ಅಡಿಯ ನೀರನ್ನು ಅವು ಹೊರಗೆ ತಳ್ಳುತ್ತವೆ. ಆಗ ರಬ್ಬರ್ ರಸ್ತೆಯನ್ನು ಹಿಡಿಯುತ್ತದೆ. ಗೀರು ಸವೆದರೆ ನೀರು ಅಡಿಯಲ್ಲೇ ಉಳಿಯುತ್ತದೆ. ಟೈರ್ ರಸ್ತೆಯ ಮೇಲಲ್ಲ, ನೀರಿನ ಮೇಲೆ ಓಡುತ್ತದೆ. ಆಗ ಬ್ರೇಕ್ ಹಾಕಿ ಏನು ಪ್ರಯೋಜನ?

ಗೀರಿನ ಒಳಗೆ ಅಲ್ಲಲ್ಲಿ ಸಣ್ಣ ರಬ್ಬರ್ ದಿಣ್ಣೆ ಇರುತ್ತದೆ. ಟೈರ್ ಸವೆದು ಈ ದಿಣ್ಣೆಗೆ ಸಮವಾಯಿತೇ? ಹಾಗಾದರೆ ಗೀರಿನ ಆಳ 1.6 ಮಿಲ್ಲಿಮೀಟರ್ ಮಾತ್ರ ಉಳಿದಿದೆ ಎಂದು ಅರ್ಥ. ಪಿಕಪ್ ಗಾಡಿಗೆ ಇದಕ್ಕಿಂತ ಕಡಿಮೆ ಇರಬಾರದು ಎಂದು ಕಾನೂನು ಇದೆ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 3,500 ಮಿಲ್ಲಿಮೀಟರಿಗಿಂತ ಹೆಚ್ಚು ಮಳೆ ಬೀಳುತ್ತದೆ. ಆದ್ದರಿಂದ ಕಾನೂನಿನ ಗೆರೆ ಮುಟ್ಟುವ ತನಕ ಕಾಯಬೇಡಿ. ಗೀರು 3 ಮಿಲ್ಲಿಮೀಟರಿಗೆ ಬಂದಾಗಲೇ, ಮಳೆಗಾಲಕ್ಕೆ ಮೊದಲೇ, ಬದಲಾಯಿಸಿ.

ಟೈರ್ ಓದೋಣ

ಟೈರಿನ ಬದಿಯಲ್ಲಿ ಉಬ್ಬಿದ ಬರಹ ಇದೆ. ಅಕ್ಷರ ಇಂಗ್ಲಿಷಿನದು. ಆದರೆ ಅಂಕಿಗಳು ನಾವು ಕಲಿತ ಅಂಕಿಗಳೇ. ಅಕ್ಕ ಬಟ್ಟೆಯಿಂದ ಕೆಸರು ಒರೆಸಿದರು. ಬೆರಳಿಟ್ಟು ಓದಿದರು: 145 ಆರ್ 12 ಎಲ್‌ಟಿ 8 ಪಿಆರ್.

145 ಅಂದರೆ ಟೈರಿನ ಅಗಲ, ಮಿಲ್ಲಿಮೀಟರಿನಲ್ಲಿ.
ಆರ್ ಅಂದರೆ ರೇಡಿಯಲ್ ಟೈರ್.
12 ಅಂದರೆ ಒಳಗಿನ ಡಿಸ್ಕಿನ ಅಳತೆ, ಇಂಚಿನಲ್ಲಿ.
ಎಲ್‌ಟಿ ಅಂದರೆ ಹಗುರ ಸರಕು ಗಾಡಿಯ ಟೈರ್.
8 ಪಿಆರ್ ಅಂದರೆ ಭಾರ ತಡೆಯುವ ಶಕ್ತಿಯ ಗುರುತು.

ಎಲ್ಲ ಗಾಡಿಗೂ ಇದೇ ಅಳತೆ ಅಲ್ಲ. ನಿಮ್ಮ ಗಾಡಿಗೆ ಯಾವುದು ಎಂದು ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ಬರೆದಿರುತ್ತದೆ. ಅದನ್ನೇ ತನ್ನಿ. ಡಿಸ್ಕಿಗೆ ಕೂತುಕೊಳ್ಳುತ್ತದೆ ಎಂದು ಕಾರಿನ ಟೈರ್ ಹಾಕಬೇಡಿ. ಕಾರು ಜನರನ್ನು ಹೊರುತ್ತದೆ. ಪಿಕಪ್ ಮೂಟೆ ಹೊರುತ್ತದೆ. ಕಡಿಮೆ ಶಕ್ತಿಯ ಟೈರ್ ಭಾರಕ್ಕೆ ಬಿಸಿಯಾಗಿ ಒಡೆಯಬಹುದು.

ಅಂಗಡಿಯಲ್ಲಿ

ಮರುದಿನ ಅಕ್ಕನೂ ಭಾವನ ಜೊತೆ ಅಂಗಡಿಗೆ ಹೋದರು. ಅಂಗಡಿಯವರು ಒಂದು ಟೈರ್ ತೋರಿಸಿದರು.

"ಇದು ಆಲ್ ವೆದರ್ ಟೈರ್ ಅಕ್ಕ. ಎಲ್ಲ ಕಾಲಕ್ಕೂ ಆಗ್ತದೆ. ಐನೂರು ರೂಪಾಯಿ ಕಡಿಮೆ ಮಾಡಿ ಕೊಡ್ತೇನೆ."

ಹಿಮ ಬೀಳುವ ದೇಶಗಳಲ್ಲಿ ಈ ಹೆಸರಿನ ಟೈರಿಗೆ ಬೆಟ್ಟ ಮತ್ತು ಹಿಮದ ಹರಳಿನ ಗುರುತು ಇರುತ್ತದೆ. ನಮ್ಮಲ್ಲಿ ಹಿಮ ಇಲ್ಲ. ನಮಗೆ ಇರುವುದು ಮಳೆ, ಕೆಸರು ಮತ್ತು ಸೆಕೆ. ಆದ್ದರಿಂದ ಹೆಸರು ಕೇಳಿ ಮರುಳಾಗಬಾರದು. ಗೀರು ನೋಡಬೇಕು. ಸುತ್ತಲೂ ಹೋಗುವ ಆಳವಾದ ಗೀರು ಇರಬೇಕು. ಅದರಿಂದ ಬದಿಗೆ ನೀರು ಹೋಗಲು ಅಡ್ಡ ಗೀರೂ ಇರಬೇಕು. ತೀರಾ ದೊಡ್ಡ ಹಲ್ಲಿನ ಟೈರ್ ತೋಟದ ಕೆಸರಿಗೆ ಒಳ್ಳೆಯದು. ಆದರೆ ಒದ್ದೆ ಡಾಮರು ರಸ್ತೆಯಲ್ಲಿ ಅದರ ಹಿಡಿತ ಕಡಿಮೆ.

ಅಕ್ಕ ಟೈರ್ ತಿರುಗಿಸಿ ಹುಡುಕಿದರು. ನಾಲ್ಕು ಅಂಕಿ ಸಿಕ್ಕಿತು: 2321.

"ಇದು 2021ನೇ ಇಸವಿಯ 23ನೇ ವಾರದಲ್ಲಿ ಮಾಡಿದ್ದು ಅಲ್ವಾ? ನಾಲ್ಕು ವರ್ಷ ಹಳತು. ನಮಗೆ ಬೇಡ" ಎಂದರು.

ಅಂಗಡಿಯವರು ಅಕ್ಕನ ಮುಖ ನೋಡಿದರು. ಒಳಗೆ ಹೋಗಿ ಬೇರೆ ಟೈರ್ ತಂದರು. ಅದರಲ್ಲಿ 1025 ಎಂದಿತ್ತು. ಐಎಸ್‌ಐ ಗುರುತೂ ಇತ್ತು. ಮಾರಾಟವಾಗದೆ ಮೂಲೆಯಲ್ಲಿ ಕೂತರೂ ರಬ್ಬರಿಗೆ ವಯಸ್ಸಾಗುತ್ತದೆ. ಅದು ಗಟ್ಟಿಯಾಗುತ್ತದೆ. ಗಟ್ಟಿ ರಬ್ಬರ್ ಒದ್ದೆ ರಸ್ತೆಯನ್ನು ಹಿಡಿಯುವುದಿಲ್ಲ.

"ಓದಲು ಕಲಿತದ್ದು ಸಾರ್ಥಕ ಆಯ್ತು ಮಾರಾಯ್ತಿ" ಎಂದರು ಭಾವ.

ಎರಡೇ ಟೈರಿಗೆ ಹಣ ಇದ್ದರೆ?

ನಾಲ್ಕು ಟೈರಿಗೂ ಒಮ್ಮೆಗೇ ಹಣ ಹೊಂದಿಸುವುದು ಕಷ್ಟ. ಅಕ್ಕನ ಕೈಯಲ್ಲೂ ಎರಡಕ್ಕೆ ಸಾಕಾಗುವಷ್ಟೇ ಇತ್ತು. ಹೊಸ ಟೈರ್ ಮುಂದೆ ಹಾಕಬೇಕು ಎಂದು ಹಲವರು ಹೇಳುತ್ತಾರೆ. ಆದರೆ ಹಿಂದೆ ಹಾಕುವುದೇ ಸರಿ. ಮುಂದಿನ ಟೈರ್ ಜಾರಿದರೆ ಆಕ್ಸಿಲರೇಟರ್ ಬಿಟ್ಟು ನಿಧಾನ ಮಾಡಿ ಸರಿಪಡಿಸಬಹುದು. ಹಿಂದಿನದು ಜಾರಿದರೆ ಗಾಡಿಯೇ ತಿರುಗಿಬಿಡುತ್ತದೆ. ಭಾವನಿಗೆ ಆದದ್ದು ಅದೇ. ಹಾಗೆಂದು ಮುಂದೆ ಬೋಳು ಟೈರ್ ಇರಲಿ ಎಂದಲ್ಲ. ಭಾವನ ಗಾಡಿಯ ಮುಂದಿನ ಟೈರುಗಳಲ್ಲಿ ಗೀರು ಇನ್ನೂ ಚೆನ್ನಾಗಿತ್ತು. ಒಂದೇ ಸಾಲಿನ ಎರಡು ಟೈರುಗಳು ಒಂದೇ ಅಳತೆಯವು, ಒಂದೇ ಬಗೆಯವು ಆಗಿರಬೇಕು.

ಈಗಲೂ ಭಾವ ಘಾಟಿಯಲ್ಲಿ ನಿಧಾನವಾಗಿಯೇ ಹೋಗುತ್ತಾರೆ. ಹೊಸ ಟೈರ್ ಇದೆ ಎಂದು ಅವಸರ ಮಾಡುವುದಿಲ್ಲ.

ನೆನಪಿಡಿ
- ವಾರಕ್ಕೊಮ್ಮೆ ಗಾಳಿ ನೋಡಿಸಿ. ಟೈರ್ ತಣ್ಣಗಿರುವಾಗ ನೋಡಿಸಿ.
- ಮಿತಿ ಮೀರಿ ಭಾರ ಹೇರಬೇಡಿ.
- ಹೊಸ ಟೈರ್ ಹಾಕಿದಾಗ ವೀಲ್ ಅಲೈನ್‌ಮೆಂಟ್ ಮಾಡಿಸಿ.
- ಬಿಲ್ ಕೇಳಿ ಪಡೆಯಿರಿ. ಅದರಲ್ಲಿ ಟೈರಿನ ನಂಬರ್ ಬರೆಸಿ.

ಓದಿ, ಬರೆಯಿರಿ
1. ಟೈರಿನ ಗೀರು ಯಾವ ಕೆಲಸ ಮಾಡುತ್ತದೆ?
2. ಒಂದು ಟೈರಿನಲ್ಲಿ 4024 ಎಂದು ಇದೆ. ಅದು ಯಾವ ವರ್ಷ, ಎಷ್ಟನೇ ವಾರದ್ದು?
3. ನಿಮ್ಮ ಊರಿನ ಒಂದು ಗಾಡಿಯ ಟೈರ್ ನೋಡಿ. ಅದರ ಅಳತೆ ಬರೆದುಕೊಂಡು ಬನ್ನಿ. ಗೀರು ಸವೆದಿದ್ದರೆ ಗಾಡಿಯವರಿಗೆ ಹೇಳಿ.