ಮನೆಯಿಂದಲೇ ಅಂತರಜಾಲ ಮಳಿಗೆ: ನೋಂದಣಿ ಮತ್ತು ತೆರಿಗೆಯ ಕಾಗದಪತ್ರಗಳು

ಹೊರನಾಡಿನಲ್ಲಿ ನೆಲೆಸಿದ ನಮ್ಮ ಮನೆಗಳಲ್ಲಿ ಊರಿನ ರುಚಿ ಉಳಿದುಬಂದಿರುವುದು ಬಹುಮಟ್ಟಿಗೆ ಗೃಹಿಣಿಯರ ಕೈಗುಣದಿಂದ. ಚಟ್ನಿಪುಡಿ, ಸಾರಿನಪುಡಿ, ಮಿಡಿ ಉಪ್ಪಿನಕಾಯಿಗಳನ್ನು ಹಬ್ಬಹರಿದಿನಗಳಲ್ಲಿ ನೆರೆಹೊರೆಗೆ ಹಂಚುತ್ತಿದ್ದವರಲ್ಲಿ ಕೆಲವರು ಇಂದು ಅವುಗಳನ್ನೇ ಅಂತರಜಾಲದ ಮೂಲಕ ಮಾರಲು ಮುಂದಾಗಿದ್ದಾರೆ. ಇದು ಸಂತೋಷದ ಸಂಗತಿ. ಆದರೆ ಒಲೆಯ ಮುಂದೆ ಎದೆಗುಂದದವರೂ ಅರ್ಜಿಯ ನಮೂನೆಯ ಮುಂದೆ ಕಂಗೆಡುವುದುಂಟು. ಅಂಥವರ ಉಪಯೋಗಕ್ಕಾಗಿ ಈ ಲೇಖನ.

ಪಾಲಾರಿವಟ್ಟಂನ ಬಾಡಿಗೆ ಮನೆಯೊಂದರಲ್ಲಿರುವ ನಮ್ಮ ಪರಿಚಿತ ಮಹಿಳೆಯೊಬ್ಬರು ಹೀಗೆಯೇ ಮಾರಾಟ ಆರಂಭಿಸಿದರು. ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟು ಮೀರುವವರೆಗೆ ತೆರಿಗೆ ನೋಂದಣಿ ಬೇಡವೆಂದು ಯಾರೋ ಅವರಿಗೆ ಧೈರ್ಯ ಹೇಳಿದ್ದರು. ಅವರ ತಿಂಗಳ ವ್ಯಾಪಾರ ಇಪ್ಪತ್ತು ಸಾವಿರವನ್ನೂ ಮುಟ್ಟುತ್ತಿರಲಿಲ್ಲ. ಆದರೆ ಅವರ ಗಿರಾಕಿಗಳಲ್ಲಿ ಅರ್ಧದಷ್ಟು ಮಂದಿ ಬೆಂಗಳೂರಿನವರು! ತೊಡಕು ಇದ್ದದ್ದು ಅಲ್ಲಿಯೇ.

ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದದ್ದು 2017ರ ಜುಲೈ 1ರಂದು. ಸರಕು ಮಾತ್ರ ಮಾರುವವರಿಗೆ 40 ಲಕ್ಷದ ಮಿತಿ ದೊರೆತದ್ದು 2019ರ ಏಪ್ರಿಲ್ 1ರಿಂದ. ಕೇರಳಕ್ಕೂ ಇದು ಅನ್ವಯಿಸುತ್ತದೆ. ಆದರೆ ಈ ಮಿತಿ ರಾಜ್ಯದೊಳಗಣ ಮಾರಾಟಕ್ಕೆ ಮಾತ್ರ ಎಂಬುದನ್ನು ಓದುಗರು ವಿಶೇಷವಾಗಿ ಗಮನಿಸಬೇಕು. ತೆರಿಗೆಗೆ ಒಳಪಟ್ಟ ಸರಕನ್ನು ಒಂದು ರಾಜ್ಯದಿಂದ ಮತ್ತೊಂದು ರಾಜ್ಯಕ್ಕೆ ಮಾರುವವರು, ಕರಕುಶಲ ವಸ್ತುಗಳಿಗೆ ಇರುವಂಥ ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಮೊದಲ ರೂಪಾಯಿಯಿಂದಲೇ ನೋಂದಣಿ ಪಡೆಯಬೇಕು. ಕೊಚ್ಚಿಯಿಂದ ತಿರುವನಂತಪುರಕ್ಕೆ ಕಳುಹಿಸಿದ ಉಪ್ಪಿನಕಾಯಿಗೆ ಒಂದು ನಿಯಮ, ಜಯನಗರಕ್ಕೆ ಕಳುಹಿಸಿದ ಉಪ್ಪಿನಕಾಯಿಗೆ ಇನ್ನೊಂದು. ನೋಂದಣಿಯ ಹೊಣೆ ಬಂದ 30 ದಿನಗಳೊಳಗೆ ಅರ್ಜಿ ಹಾಕಬೇಕು. ಹಾಕದೆ ವ್ಯಾಪಾರ ಮುಂದುವರಿಸಿದರೆ ದಂಡ 10,000 ರೂಪಾಯಿ ಅಥವಾ ತಪ್ಪಿಸಿದ ತೆರಿಗೆಯ ಮೊತ್ತ, ಇವುಗಳಲ್ಲಿ ಯಾವುದು ಹೆಚ್ಚೋ ಅದು. ನಮ್ಮವರ ಗಿರಾಕಿಗಳು ಸಹಜವಾಗಿಯೇ ಕರ್ನಾಟಕದಲ್ಲಿ ಇರುವುದರಿಂದ ಈ ನಿಯಮ ಸ್ಥಳೀಯರಿಗಿಂತ ನಮ್ಮನ್ನು ಹೆಚ್ಚಾಗಿ ತಟ್ಟುತ್ತದೆ.

ಅಮೆಜಾನ್, ಫ್ಲಿಪ್‌ಕಾರ್ಟ್‌ಗಳಂಥ ದೊಡ್ಡ ಅಂತರಜಾಲ ಪೇಟೆಗಳ ಮೂಲಕ ಮಾರುವವರಿಗೆ ಮೊದಲು ವಹಿವಾಟು ಎಷ್ಟೇ ಇರಲಿ, ನೋಂದಣಿ ಕಡ್ಡಾಯವಾಗಿತ್ತು. 2023ರ ಅಕ್ಟೋಬರ್ 1ರಿಂದ, ಮಿತಿಯೊಳಗಿದ್ದು ತಮ್ಮ ರಾಜ್ಯದೊಳಗೆ ಮಾತ್ರ ಸರಕು ಮಾರುವವರು ಪ್ಯಾನ್ ಆಧಾರದ ಮೇಲೆ ಒಂದು ದಾಖಲಾತಿ ಸಂಖ್ಯೆ ಪಡೆದರೆ ಸಾಕೆಂದು ಸಡಿಲಿಸಲಾಗಿದೆ. ನೋಂದಾಯಿತರ ಮಾರಾಟದ ಹಣದಿಂದ ಈ ಪೇಟೆಗಳು ಮೂಲದಲ್ಲೇ ಹಿಡಿದುಕೊಳ್ಳುವ ತೆರಿಗೆ 2024ರ ಜುಲೈ 10ರಿಂದ ಶೇಕಡಾ ಅರ್ಧಕ್ಕೆ ಇಳಿದಿದೆ. ಅದು ನಮ್ಮ ಖಾತೆಗೇ ಜಮೆಯಾಗುವ ಹಣವಾದುದರಿಂದ ನಷ್ಟವೆಂದು ಬಗೆಯಬೇಕಿಲ್ಲ. ಅಚ್ಚಾದ ಪುಸ್ತಕಗಳಿಗೆ ತೆರಿಗೆಯೇ ಇಲ್ಲ. ಕನ್ನಡ ಪುಸ್ತಕಗಳನ್ನಷ್ಟೇ ಮಾರುವೆನೆಂಬ ಪುಣ್ಯಾತ್ಮರು ಯಾವ ರಾಜ್ಯಕ್ಕೆ ಕಳುಹಿಸಿದರೂ ಈ ನೋಂದಣಿಯ ಗೋಜಿಗೆ ಹೋಗಬೇಕಾಗಿಲ್ಲ.

ಇನ್ನು ಅರ್ಜಿಯ ವಿಚಾರ. ನೋಂದಣಿಗೆ ಸರ್ಕಾರಿ ಶುಲ್ಕ ಒಂದು ಪೈಸೆಯೂ ಇಲ್ಲ. ಯಾರಾದರೂ ಹಣ ಕೇಳಿದರೆ ಅದು ಅವರ ಶ್ರಮದ ಕೂಲಿಯೇ ಹೊರತು ಸರ್ಕಾರದ ಶುಲ್ಕವಲ್ಲ. ಬೇಕಾಗುವುದು ಪ್ಯಾನ್, ಆಧಾರ್, ಭಾವಚಿತ್ರ, ವ್ಯಾಪಾರಸ್ಥಳದ ದಾಖಲೆ. ಬ್ಯಾಂಕಿನ ವಿವರವನ್ನು ನೋಂದಣಿಯ ನಂತರ 30 ದಿನಗಳೊಳಗೆ, ಅಥವಾ ಮೊದಲ ಮಾರಾಟ ವಿವರಪಟ್ಟಿ ಸಲ್ಲಿಸುವ ಮುನ್ನ, ಯಾವುದು ಮೊದಲೋ ಆಗ ಕೊಡಬಹುದು.

ಕೇಳಲು ಸುಲಭ. ಆದರೆ ನಮ್ಮ ಹೆಸರುಗಳನ್ನೇ ನೋಡಿ! ಊರಿನ ಹೆಸರಿನ ಅಕ್ಷರ, ತಂದೆಯ ಹೆಸರಿನ ಅಕ್ಷರ, ಮದುವೆಯ ಬಳಿಕ ಗಂಡನ ಹೆಸರು. ಆಧಾರ್‌ನಲ್ಲಿ ಒಂದು ಬಗೆ, ಪ್ಯಾನ್‌ನಲ್ಲಿ ಅಕ್ಷರಗಳೆಲ್ಲ ಬಿಡಿಸಿ ಬರೆದ ಇನ್ನೊಂದು ಬಗೆ. ಇವೆರಡೂ ಹೊಂದದಿದ್ದರೆ ಅರ್ಜಿ ಮುಗ್ಗರಿಸುತ್ತದೆ. ಮೇಲೆ ಹೇಳಿದ ಮಹಿಳೆಗೆ ಇನ್ನೂ ಒಂದು ವಿಘ್ನ ಎದುರಾಯಿತು. ಅವರ ಆಧಾರ್‌ಗೆ ಜೋಡಣೆಯಾಗಿದ್ದುದು ಊರಿನಲ್ಲಿದ್ದಾಗಿನ ಹಳೆಯ ಮೊಬೈಲ್ ಸಂಖ್ಯೆ. ಅದು ನಿಂತುಹೋಗಿ ಎಷ್ಟೋ ಕಾಲವಾಗಿತ್ತು. ಗುಪ್ತಸಂಖ್ಯೆ ಬರುವ ದಾರಿಯೇ ಇಲ್ಲ. ಆದುದರಿಂದ ಅರ್ಜಿಗೆ ಕೈಹಾಕುವ ಮುನ್ನ ಆಧಾರ್ ಕೇಂದ್ರಕ್ಕೆ ಹೋಗಿ ಹೆಸರನ್ನೂ ಸಂಖ್ಯೆಯನ್ನೂ ಸರಿಪಡಿಸಿಕೊಳ್ಳುವುದು ಲೇಸು.

ಬಾಡಿಗೆ ಮನೆಯವರು ಬಾಡಿಗೆ ಕರಾರನ್ನೂ, ಮಾಲೀಕರ ಹೆಸರಿನಲ್ಲಿರುವ ವಿದ್ಯುತ್ ಬಿಲ್ಲನ್ನೋ ಆಸ್ತಿತೆರಿಗೆ ರಸೀದಿಯನ್ನೋ ಕೊಡಬೇಕು. ಬಿಲ್ಲು ಮಾಲೀಕರ ಸ್ವರ್ಗಸ್ಥ ತಂದೆಯವರ ಹೆಸರಿನಲ್ಲೇ ಉಳಿದಿರುವುದು ಅಪರೂಪವೇನಲ್ಲ. ಆಗ ಆಸ್ತಿತೆರಿಗೆ ರಸೀದಿ ನೆರವಿಗೆ ಬರುತ್ತದೆ. ಮಾಲೀಕರಿಗೆ ಮೊದಲೇ ವಿಷಯ ತಿಳಿಸಿ ಒಪ್ಪಿಗೆಪತ್ರ ಪಡೆಯಿರಿ. ಮುಚ್ಚುಮರೆ ಬೇಡ, ಅಧಿಕಾರಿಗಳು ಸ್ಥಳಪರಿಶೀಲನೆಗೆ ಬಂದರೂ ಬರಬಹುದು. ಮನೆಯ ವಿಳಾಸ ಬೇಡವೆನ್ನುವವರಿಗೆ ಹಲವರು ಕೂಡಿ ಬಳಸುವ ಕಚೇರಿಗಳಿವೆ. ಒಂದೇ ವಿಳಾಸದಲ್ಲಿ ಹಲವರಿಗೆ ನೋಂದಣಿ ಸಾಧ್ಯವೇ ಎಂಬ ಪ್ರಶ್ನೆಯನ್ನು ಸ್ಪೇಸ್‌ಲ್ಯಾನ್ಸ್ ಆಫೀಸ್ ಸೊಲ್ಯೂಷನ್ಸ್ ಎಂಬ ಸಂಸ್ಥೆ ಕೇರಳದ ಮುಂಗಡ ತೀರ್ಪು ಪ್ರಾಧಿಕಾರದ ಮುಂದಿಟ್ಟಿತು. ಕರಾರಿನಲ್ಲಿ ಒಳಬಾಡಿಗೆಗೆ ಅವಕಾಶವಿದ್ದರೆ ಸಾಧ್ಯವೆಂದು 2018ರಲ್ಲಿ ಉತ್ತರ ಬಂತು. ಅಂಥ ತೀರ್ಪು ಕೇಳಿದವರನ್ನೂ ಅವರ ಅಧಿಕಾರಿಯನ್ನೂ ಮಾತ್ರ ಬದ್ಧರನ್ನಾಗಿಸುತ್ತದೆ. ಆದರೂ ದಾರಿ ತಿಳಿಯಲು ಉಪಯುಕ್ತ.

ಅಧಿಕಾರಿ ಸ್ಪಷ್ಟೀಕರಣ ಕೇಳಿದರೆ ಏಳು ಕೆಲಸದ ದಿನಗಳೊಳಗೆ ಉತ್ತರಿಸಬೇಕು. ಸುಮ್ಮನಿದ್ದರೆ ಅರ್ಜಿ ತಿರಸ್ಕೃತವಾಗಬಹುದು. ಎಲ್ಲವೂ ಸರಿಯಾದರೆ 15 ಅಕ್ಷರಾಂಕಗಳ ಸಂಖ್ಯೆ ದೊರೆಯುತ್ತದೆ. ಅದರ ಮೊದಲೆರಡು ಅಂಕಿ ರಾಜ್ಯದ ಗುರುತು. ಕೇರಳಕ್ಕೆ 32, ಕರ್ನಾಟಕಕ್ಕೆ 29. ನಂತರದ ಹತ್ತು ನಮ್ಮ ಪ್ಯಾನ್. ಪ್ರಮಾಣಪತ್ರವನ್ನು ವ್ಯಾಪಾರಸ್ಥಳದಲ್ಲಿ ಕಾಣುವಂತೆ ತೂಗುಹಾಕಬೇಕು.

ಸಂಖ್ಯೆ ಬಂದಿತೆಂದು ನಿಶ್ಚಿಂತರಾಗುವವರೇ ಹೆಚ್ಚು. ಮಾರಾಟವೇ ಇಲ್ಲದ ಅವಧಿಗೂ ಶೂನ್ಯ ಲೆಕ್ಕಪತ್ರ ಸಲ್ಲಿಸಲೇಬೇಕು. ತಡವಾದರೆ ದಿನಕ್ಕೆ 20 ರೂಪಾಯಿ ಶುಲ್ಕ. ಐದು ಕೋಟಿಯವರೆಗಿನ ವಹಿವಾಟಿನವರಿಗೆ 2021ರಿಂದ ಮೂರು ತಿಂಗಳಿಗೊಮ್ಮೆ ಲೆಕ್ಕ ಸಲ್ಲಿಸುವ ಅನುಕೂಲವಿದೆ, ತೆರಿಗೆಯನ್ನು ಮಾತ್ರ ತಿಂಗಳು ತಿಂಗಳೂ ಕಟ್ಟಬೇಕು. ನಿರಂತರವಾಗಿ ಕೈಬಿಟ್ಟರೆ ನೋಂದಣಿಯೇ ರದ್ದಾಗಬಹುದು. ರಕ್ತದೊತ್ತಡದವರು ಮಾತ್ರೆಗೆ ಇಟ್ಟುಕೊಂಡಂತೆ ಇದಕ್ಕೂ ಗೋಡೆಯ ಪಂಚಾಂಗದಲ್ಲಿ ಒಂದು ಗುರುತು ಇಟ್ಟುಕೊಳ್ಳುವುದು ಒಳ್ಳೆಯದು.

ಆಹಾರ ಮಾರುವವರಿಗೆ 2006ರ ಆಹಾರ ಸುರಕ್ಷತಾ ಕಾಯಿದೆಯ ನೋಂದಣಿಯೋ ಪರವಾನಗಿಯೋ ಬೇರೆಯಾಗಿಯೇ ಬೇಕು. ಅದರ 14 ಅಂಕಿಗಳ ಸಂಖ್ಯೆಯನ್ನು ಪೊಟ್ಟಣದ ಮೇಲೂ ಬಿಲ್ಲಿನ ಮೇಲೂ ಕಾಣಿಸಬೇಕು. ತಯಾರಕರ ಹೆಸರು, ನಿವ್ವಳ ತೂಕ, ಗರಿಷ್ಠ ಬೆಲೆ ಮೊದಲಾದವು ಪೊಟ್ಟಣದಲ್ಲಷ್ಟೇ ಅಲ್ಲ, ಮಳಿಗೆಯ ಪುಟದಲ್ಲೂ ಇರಬೇಕೆಂಬ ನಿಯಮ 2018ರ ಜನವರಿಯಿಂದ ಇದೆ. ಕಡಲೆಕಾಯಿ, ಎಳ್ಳುಗಳನ್ನು ಬಳಸಿದ್ದರೆ ಸ್ಪಷ್ಟವಾಗಿ ಬರೆಯಿರಿ. ಕೆಲವರ ದೇಹಕ್ಕೆ ಅವು ಒಗ್ಗುವುದಿಲ್ಲ, ಪ್ರಾಣಕ್ಕೇ ಅಪಾಯವಾಗಬಹುದು. ಕೊಚ್ಚಿ ನಗರಪಾಲಿಕೆಯ ಪರವಾನಗಿ ಬೇಕೇ ಎಂಬುದನ್ನು 2024ರಲ್ಲಿ ಆರಂಭವಾದ ಕೆ-ಸ್ಮಾರ್ಟ್ ವ್ಯವಸ್ಥೆಯ ಮೂಲಕ ವಿಚಾರಿಸಬಹುದು.

ವರ್ಗಾವಣೆಯ ಬದುಕಿನ ನಮಗೆ ಇನ್ನೊಂದು ಸಂಗತಿ ಮುಖ್ಯ. ಪಾಲಾರಿವಟ್ಟಂ ಬಿಟ್ಟು ಕೇರಳದಲ್ಲೇ ಬೇರೆಡೆಗೆ ಹೋದರೆ 15 ದಿನಗಳೊಳಗೆ ವಿಳಾಸ ಬದಲಿಸಿದರೆ ಸಾಕು. ಆದರೆ ಬೆಂಗಳೂರಿಗೆ ಮರಳಿದರೆ 32ರ ಸಂಖ್ಯೆ ಜೊತೆಯಲ್ಲಿ ಬರುವುದಿಲ್ಲ. ಇಲ್ಲಿಯ ವ್ಯಾಪಾರ ನಿಲ್ಲಿಸಿದ 30 ದಿನಗಳೊಳಗೆ ರದ್ದತಿಗೆ ಅರ್ಜಿ ಸಲ್ಲಿಸಿ, ರದ್ದಾದ ಮೂರು ತಿಂಗಳೊಳಗೆ ಅಂತಿಮ ಲೆಕ್ಕಪತ್ರ ಕೊಟ್ಟು, ಅಲ್ಲಿ 29ರಿಂದ ಆರಂಭವಾಗುವ ಹೊಸ ಸಂಖ್ಯೆಗೆ ಅರ್ಜಿ ಹಾಕಬೇಕು.