ಗೇಟ್‌ಗೆ ಮೂರೇ ತಿಂಗಳು: ಋಷಿಕೊಂಡದ ಹಾಸ್ಟೆಲಿನಲ್ಲಿ ಕೂತ ಕನ್ನಡದ ಹುಡುಗರಿಗೆ

ಹಡಗಿನ ಇಂಜಿನ್ ರೂಮಿನ ಅಧಿಕಾರಿ ಪರೀಕ್ಷೆ ಪಾಸಾಗಿ ಸರ್ಟಿಫಿಕೇಟ್ ಪಡೆಯದೆ ಸಮುದ್ರಕ್ಕಿಳಿಯುವಂತಿಲ್ಲ. ಅಮೆರಿಕದಲ್ಲಿ ಸೇತುವೆಯ ನಕ್ಷೆಗೆ ಸಹಿ ಹಾಕಲು ಪಿ.ಇ. ಲೈಸೆನ್ಸ್ ಬೇಕು. ನಮ್ಮ ಸಿವಿಲ್, ಮೆಕ್ಯಾನಿಕಲ್ ಹುಡುಗರಿಗೆ ಅಂಥ ಲೈಸೆನ್ಸ್ ಪರೀಕ್ಷೆ ಇಲ್ಲ. ಅದರ ಜಾಗದಲ್ಲಿ ಎಲ್ಲರ ನಿದ್ದೆ ಕೆಡಿಸುವುದು ಗೇಟ್. ಎಂ.ಟೆಕ್. ಸೀಟು, ಅದರ ಜೊತೆಗೆ ತಿಂಗಳಿಗೆ 12,400 ರೂಪಾಯಿ ಸ್ಟೈಪೆಂಡ್, ಕೆಲವು ಸರ್ಕಾರಿ ಕಂಪನಿಗಳ ಕೆಲಸ, ಎಲ್ಲಕ್ಕೂ ಇದೇ ಬಾಗಿಲು. ಸ್ಕೋರು ಮೂರು ವರ್ಷ ನಡೆಯುತ್ತದೆ.

ವಿಶಾಖಪಟ್ಟಣದ ಋಷಿಕೊಂಡದಲ್ಲಿರುವ ಗೀತಂ ವಿಶ್ವವಿದ್ಯಾಲಯದ ಸುತ್ತಮುತ್ತ ಬಳ್ಳಾರಿ, ರಾಯಚೂರು ಕಡೆಯ ಹುಡುಗರು ಆಗೀಗ ಸಿಗುತ್ತಾರೆ. ನವೆಂಬರ್ ಬಂತೆಂದರೆ ಅವರ ಪ್ರಶ್ನೆ ಒಂದೇ: ‘ಸಿಲಬಸ್ ಇನ್ನೂ ಅರ್ಧ ಉಳಿದಿದೆ, ಏನು ಮಾಡೋದು?’ ಉಳಿದದ್ದನ್ನು ಪೂರ್ತಿ ಮುಗಿಸುವ ಹಟ ಬಿಡಿ ಅನ್ನುವುದು ನನ್ನ ಉತ್ತರ. ಫೆಬ್ರವರಿಯಲ್ಲಿ ಅಂಕ ತರುವುದು ಓದಿದ್ದರಲ್ಲಿ ತಪ್ಪದೇ ಇರುವುದು.

ಹಂತ 1: ಒಂದು ಪೇಪರ್ ಬರೆದು ಸೋಲಿ

ಓದುವುದಕ್ಕೆ ಮುಂಚೆಯೇ ಹಿಂದಿನ ವರ್ಷದ ಒಂದು ಪೇಪರನ್ನು ಮೂರು ಗಂಟೆ ಗಡಿಯಾರ ಇಟ್ಟುಕೊಂಡು ಬರೆಯಿರಿ. 65 ಪ್ರಶ್ನೆ, 100 ಅಂಕ. ಮೂವತ್ತು ಬಂದರೂ ಚಿಂತೆಯಿಲ್ಲ, ಆ ಅಂಕ ಯಾರಿಗೂ ತೋರಿಸಲು ಅಲ್ಲ. ಎಲ್ಲಿ ಹೋಯಿತು ಅಂತ ಗುರುತು ಹಾಕಿ: ಗೊತ್ತಿಲ್ಲದೆ ಹೋದದ್ದು, ಗೊತ್ತಿದ್ದೂ ಹೋದದ್ದು, ಸಮಯ ಸಾಲದೆ ಹೋದದ್ದು. ಮೊದಲ ಸಲ ಈ ಲೆಕ್ಕ ಹಾಕಿದಾಗ ನನ್ನದರಲ್ಲಿ ಎರಡನೆಯ ಗುಂಪೇ ದೊಡ್ಡದಿತ್ತು. ನಾಚಿಕೆಯಾದರೂ ಒಳ್ಳೆಯ ಸುದ್ದಿಯೇ, ಏಕೆಂದರೆ ಅದನ್ನು ತಿದ್ದಲು ಹೊಸ ಪುಸ್ತಕ ಬೇಕಿಲ್ಲ.

ಹಂತ 2: ಅಗ್ಗದ ಅಂಕ ಮೊದಲು

ಬಹುತೇಕ ಇಂಜಿನಿಯರಿಂಗ್ ಪತ್ರಿಕೆಗಳಲ್ಲಿ ಜನರಲ್ ಆಪ್ಟಿಟ್ಯೂಡ್ 15 ಅಂಕ, ಇಂಜಿನಿಯರಿಂಗ್ ಗಣಿತ ಸುಮಾರು 13. ಎರಡೂ ಸೇರಿ 28. ಶೇಕಡಾವಾರು, ಅನುಪಾತ, ಇಂಗ್ಲಿಷ್ ವಾಕ್ಯ, ಮ್ಯಾಟ್ರಿಕ್ಸ್, ಪ್ರಾಬಬಿಲಿಟಿ, ಡಿಫರೆನ್ಶಿಯಲ್ ಈಕ್ವೇಶನ್: ಇವನ್ನು ‘ಕೊನೆಗೆ ನೋಡ್ಕೊಳ್ಳೋಣ’ ಎಂದು ಬಿಡುವವರೇ ಹೆಚ್ಚು. ನೀವು ದಿನಕ್ಕೆ ಒಂದು ಗಂಟೆ ಇವಕ್ಕೇ ಮೀಸಲಿಡಿ. ಉಳಿದ ಹೊತ್ತಿನಲ್ಲಿ ನಿಮ್ಮ ಬ್ರಾಂಚಿನ ನಾಲ್ಕೈದು ಮುಖ್ಯ ವಿಷಯ ಸಾಕು. ಪ್ರತಿ ವಿಷಯಕ್ಕೂ ಹಿಂದಿನ ಹತ್ತು ವರ್ಷದ ಪ್ರಶ್ನೆಗಳೇ ಗೈಡು.

ಹಂತ 3: ತಪ್ಪಿನ ನೋಟ್‌ಬುಕ್

ಇದೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಬಿಟ್ಟ ಹಾಗೆ. ಇನ್ನೂರು ಪುಟದ ನೋಟ್‌ಬುಕ್ ಒಂದು ಸಾಕು. ತಪ್ಪಾದ ಪ್ರತಿ ಪ್ರಶ್ನೆಗೆ ಮೂರು ಸಾಲು: ಏನು ಕೇಳಿದ್ದರು, ನಾನು ಏನು ಮಾಡಿದೆ, ಯಾಕೆ ಹಾಗೆ ಮಾಡಿದೆ. ಆ ‘ಯಾಕೆ’ಗೆ ಪ್ರಾಮಾಣಿಕ ಉತ್ತರ ಬೇಕು. ‘ಅಜಾಗರೂಕತೆ’ ಅಂತ ಬರೆದರೆ ಏನೂ ಬರೆದಂತಾಗಲಿಲ್ಲ. ‘ಮಿಲಿಮೀಟರನ್ನು ಮೀಟರ್ ಮಾಡಲು ಮರೆತೆ’ ಎಂದು ಬರೆಯಿರಿ. ಒಂದು ತಿಂಗಳ ನಂತರ ತಿರುವಿ ನೋಡಿದರೆ ಅದೇ ನಾಲ್ಕು ತಪ್ಪು ಬೇರೆ ಬೇರೆ ವೇಷ ಹಾಕಿಕೊಂಡು ಬಂದಿರುತ್ತವೆ.

ಹಂತ 4: ಪ್ರಶ್ನೆಯ ಜಾತಿ ಗುರುತಿಸಿ

ಒಂದೇ ಉತ್ತರದ ಎಂಸಿಕ್ಯೂ ತಪ್ಪಾದರೆ ಒಂದಂಕದ್ದಕ್ಕೆ ಮೂರನೇ ಒಂದು, ಎರಡಂಕದ್ದಕ್ಕೆ ಮೂರನೇ ಎರಡು ಅಂಕ ಕಡಿತ. ಕಣ್ಣು ಮುಚ್ಚಿ ನಾಲ್ಕರಲ್ಲಿ ಒಂದನ್ನು ಒತ್ತುತ್ತ ಹೋದರೆ ಸರಾಸರಿ ಲಾಭ ಸೊನ್ನೆ. ಒಂದು ಆಯ್ಕೆ ಖಂಡಿತ ತಪ್ಪೆಂದು ಗೊತ್ತಾಗಿ ಮೂರರಲ್ಲಿ ಊಹಿಸಿದರೆ ಒಂದಂಕದ ಪ್ರಶ್ನೆಗೆ ಸರಾಸರಿ ಒಂಬತ್ತನೇ ಒಂದಂಶ ಲಾಭ. ಎರಡನ್ನು ತೆಗೆದರೆ ಮೂರನೇ ಒಂದು. ಹಾಗಾಗಿ ‘ನೆಗೆಟಿವ್ ಇದೆ, ಮುಟ್ಟಬೇಡ’ ಅನ್ನುವ ಸೀನಿಯರ್ ಮಾತು ಅರ್ಧ ಮಾತ್ರ ಸರಿ.

2021ರಿಂದ ಬಂದ ಎಂಎಸ್‌ಕ್ಯೂನಲ್ಲಿ ಸರಿಯಾದ ಆಯ್ಕೆಗಳನ್ನೆಲ್ಲ ಗುರುತಿಸಬೇಕು, ಅರ್ಧ ಸರಿಗೆ ಅರ್ಧ ಅಂಕವಿಲ್ಲ. ಆದರೆ ಕಡಿತವೂ ಇಲ್ಲ. ಸಂಖ್ಯೆ ತುಂಬುವ ನ್ಯಾಟ್ ಪ್ರಶ್ನೆಗೂ ಕಡಿತವಿಲ್ಲ. ಇವೆರಡನ್ನೂ ಖಾಲಿ ಬಿಟ್ಟು ಬರುವುದು ಔದಾರ್ಯ.

ಹಂತ 5: ಮೌಸಿನಲ್ಲಿ ಲೆಕ್ಕ

ಕೈಯ ಕ್ಯಾಲ್ಕುಲೇಟರ್ ಒಳಗೆ ಬಿಡುವುದಿಲ್ಲ. ಪರದೆಯ ಮೇಲಿನದನ್ನು ಮೌಸಿನಿಂದಲೇ ಒತ್ತಬೇಕು. ಡಿಸೆಂಬರ್‌ನಿಂದ ಮನೆಯ ಕ್ಯಾಲ್ಕುಲೇಟರನ್ನು ಪೆಟ್ಟಿಗೆಗೆ ಹಾಕಿ, ಇದರಲ್ಲೇ ಅಭ್ಯಾಸ ಮಾಡಿ. ಅದು ತೆರೆದಾಗ ಡಿಗ್ರಿಯಲ್ಲಿರುತ್ತದೆ. ರೇಡಿಯನ್‌ನಲ್ಲಿ ಸೈನ್ 0.5 ಅಂದರೆ 0.479, ಡಿಗ್ರಿಯಲ್ಲಿ 0.0087. ಒಂದು ಮಾಕ್ ಟೆಸ್ಟಿನಲ್ಲಿ ಇದರಿಂದಲೇ ನಾಲ್ಕು ಅಂಕ ಕಳೆದುಕೊಂಡೆ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಅದೇ ಇತ್ತು.

ಹಂತ 6: ಊರಿನ ಕ್ಯಾಲೆಂಡರ್ ನೋಡಿಕೊಳ್ಳಿ

ವೇಳಾಪಟ್ಟಿ ಕೊಡುವವರು ಇದನ್ನು ಹೇಳುವುದಿಲ್ಲ. ಅಕ್ಟೋಬರ್‌ನಿಂದ ಡಿಸೆಂಬರ್ ಈ ಕರಾವಳಿಗೆ ಚಂಡಮಾರುತದ ಕಾಲ. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಅಪ್ಪಳಿಸಿದ್ದು ವಿಶಾಖಪಟ್ಟಣಕ್ಕೇ. ಕರೆಂಟು, ನೆಟ್‌ವರ್ಕ್ ಎರಡೂ ಹೋಗುವ ದಿನಕ್ಕೆಂದು ಹಳೆಯ ಪೇಪರ್‌ಗಳನ್ನು ಪ್ರಿಂಟ್ ತೆಗೆದಿಟ್ಟುಕೊಳ್ಳಿ.

ಇನ್ನೊಂದು ಸಂಕ್ರಾಂತಿ. ನಮ್ಮಲ್ಲಿ ಎಳ್ಳುಬೆಲ್ಲ ಬೀರಿ ಮುಗಿಸುವ ಹಬ್ಬ ಇಲ್ಲಿ ಭೋಗಿ, ಸಂಕ್ರಾಂತಿ, ಕನುಮ ಎಂದು ಮೂರು ದಿನ. ಹಾಸ್ಟೆಲ್ ಬರಿದಾಗುತ್ತದೆ, ಬಸ್ಸಿಗೆ ಸೀಟು ಸಿಗುವುದಿಲ್ಲ. ಅಷ್ಟರಲ್ಲಿ ಪರೀಕ್ಷೆಗೆ ಮೂರು-ನಾಲ್ಕು ವಾರ ಬಾಕಿ. ಊರಿಗೆ ಹೋಗಬೇಡಿ ಅನ್ನಲಾರೆ, ಅಮ್ಮ ಬೈದಾರು. ಆದರೆ ಹೋಗುವುದಾದರೆ ಡಿಸೆಂಬರ್‌ನಲ್ಲೇ ಟಿಕೆಟ್ ಮಾಡಿಸಿ, ಜೊತೆಗೆ ಒಯ್ಯುವುದು ತಪ್ಪಿನ ನೋಟ್‌ಬುಕ್ ಒಂದೇ. ಉಳಿಯುವುದಾದರೆ ಊಟಕ್ಕೆ ಮೊದಲೇ ದಾರಿ ನೋಡಿಕೊಳ್ಳಿ.

ಹಂತ 7: ಜನವರಿಯ ಮಾಕ್‌ಗಳು

ವಾರಕ್ಕೆ ಎರಡು, ಹೆಚ್ಚೆಂದರೆ ಮೂರು. ಬರೆಯಲು ಮೂರು ಗಂಟೆಯಾದರೆ ತಿದ್ದಿಕೊಳ್ಳಲು ನಾಲ್ಕು. ಪರೀಕ್ಷೆ ಬೆಳಿಗ್ಗೆ 9:30ಕ್ಕೆ ಅಥವಾ ಮಧ್ಯಾಹ್ನ 2:30ಕ್ಕೆ. ಪ್ರವೇಶ ಪತ್ರ ಬಂದ ಮೇಲೆ ನಿಮ್ಮ ಹೊತ್ತಿಗೇ ಮಾಕ್ ಬರೆಯಿರಿ. ಮಧ್ಯಾಹ್ನದವರು ಊಟದ ನಂತರದ ಜೋಂಪನ್ನು ಈಗಲೇ ಗೆಲ್ಲಬೇಕು.

ಹಂತ 8: ಕೊನೆಯ ಎರಡು ದಿನ

ಹೊಸದು ಏನೂ ಬೇಡ. ಕೇಂದ್ರ ವಿಶಾಖಪಟ್ಟಣದಲ್ಲೇ ಬಿದ್ದರೆ ಒಮ್ಮೆ ಹೋಗಿ ದಾರಿ ನೋಡಿ ಬನ್ನಿ. ವಿಜಯವಾಡ ಬಿದ್ದರೆ ಸುಮಾರು 350 ಕಿಲೋಮೀಟರ್. ಮಧ್ಯಾಹ್ನ ಹೊರಡುವ ರತ್ನಾಚಲ್ ಎಕ್ಸ್‌ಪ್ರೆಸ್ ಹಿಡಿದು ಹಿಂದಿನ ದಿನವೇ ತಲುಪಿ. ರಾತ್ರಿ ಬಸ್ಸಿನಲ್ಲಿ ಹೋಗಿ ನೇರ ಪರೀಕ್ಷೆಗೆ ಕೂರುವ ಸಾಹಸ ಬೇಡ. ಪ್ರವೇಶ ಪತ್ರ, ಅದರಲ್ಲಿ ಹೇಳಿದ ಮೂಲ ಗುರುತಿನ ಚೀಟಿ, ಎರಡನ್ನೂ ಒಂದೇ ಕವರಿನಲ್ಲಿಡಿ.

ಒಳಗೆ ಕೂತ ಮೇಲೆ ಆಪ್ಟಿಟ್ಯೂಡ್ ಮೊದಲು ಮುಗಿಸಿ, ಆಮೇಲೆ ನೋಡಿದ ಕೂಡಲೇ ಬಿಡಿಸಬಲ್ಲವು, ಕೊನೆಗೆ ಗುದ್ದಾಡಬೇಕಾದವು. ಯಾವುದೇ ಪ್ರಶ್ನೆ ನಾಲ್ಕು ನಿಮಿಷ ದಾಟಿದರೆ ಗುರುತು ಹಾಕಿ ಮುಂದೆ ಹೋಗಿ. ಉತ್ತರ ಕೊಟ್ಟು ‘ರಿವ್ಯೂ’ ಗುರುತು ಹಾಕಿದ್ದನ್ನೂ ಮೌಲ್ಯಮಾಪನಕ್ಕೆ ತೆಗೆದುಕೊಳ್ಳುತ್ತಾರೆ, ಲೆಕ್ಕಕ್ಕೆ ಬರುವುದಿಲ್ಲವೇನೋ ಎಂಬ ಭಯಕ್ಕೆ ಕೊನೆಯ ಹತ್ತು ನಿಮಿಷ ಒಂದೊಂದನ್ನೇ ತೆರೆದು ಗುರುತು ಅಳಿಸುತ್ತ ಕೂರಬೇಡಿ.